ಹ್ಯಾಂಕ್ ಮನೆಗೆ ಇನ್ನೆರಡು ತಿರುವು

ನಮ್ಮ ಮನೆಯ ಹಿತ್ತಿಲ ಬಾಗಿಲ ಪಕ್ಕದಲ್ಲಿ ಒಂದು ಜೊತೆ ಬೂಟು ಸದಾ ನಿಂತೇ ಇರುತ್ತಿತ್ತು. ಹಳದಿ ಬಣ್ಣದ ದಪ್ಪ ಪ್ಯಾಂಟನ್ನು ಆ ಬೂಟಿನೊಳಗೆ ಇಳಿಬಿಟ್ಟು, ಸುತ್ತಲೂ ಮಡಚಿ ಇಡುತ್ತಿದ್ದಳು ಅವ್ವ. ಬೆಂಕಿ ದಳದ ಪೇಜರ್ ಕೂಗಿದ ಕೂಡಲೇ ಬೂಟಿನೊಳಗೆ ಕಾಲಿಟ್ಟು ಪ್ಯಾಂಟನ್ನು ಸೊಂಟಕ್ಕೆ ಎಳೆದುಕೊಂಡರೆ ಸಾಕು, ಅರ್ಧ ನಿಮಿಷದಲ್ಲಿ ಅಂಗಳದಲ್ಲಿರುತ್ತಿದ್ದಳು. ಅಜ್ಜಿಗೆ ಆ ಬೂಟು ಕಂಡರೆ ಆಗುತ್ತಿರಲಿಲ್ಲ. ಹೊಗೆಯ ವಾಸನೆ, ಎಲ್ಲೆಲ್ಲಿಯ ಬೂದಿಯನ್ನೋ ತುಳಿದು ಬಂದದ್ದು, ಮೈಲಿಗೆ ಎಂದು ಸೆರಗನ್ನು ಮೂಗಿಗೆ ಹಿಡಿದು ದಾಟುತ್ತಿದ್ದಳು.

"ಯಾರೋ ಅರ್ಧಾ ಮನಶ್ಯಾ ನಿಂತಂಗ ಕಾಣ್ತದ ನೋಡ. ಟೊಂಕದ ಮ್ಯಾಲ ಏನೂ ಇಲ್ಲ, ಬರೇ ಕಾಲು."

ಅಜ್ಜಿ ಅಪ್ಪನ ತಾಯಿ. ಬಾಗಲಕೋಟೆಯಿಂದ ಮೂರು ತಿಂಗಳಿಗೆಂದು ಬಂದವಳು, ಕೋವಿಡ್ ಬಂದು ವಿಮಾನಗಳೆಲ್ಲ ನಿಂತುಹೋದದ್ದರಿಂದ ನಮ್ಮಲ್ಲೇ ಉಳಿದಳು. ನಾವಿದ್ದದ್ದು ಲಾಸ್ ಏಂಜಲೀಸ್‌ನಿಂದ ಎರಡು ಗಂಟೆ ದೂರದ ಪೊವೇ ಊರಿನಿಂದ ಗುಡ್ಡ ಸುತ್ತಿ ಸುತ್ತಿ ಅರ್ಧ ಗಂಟೆ ಮೇಲಕ್ಕೆ ಡ್ರೈವ್ ಮಾಡಿದರೆ ಸಿಗುವ ಟೋಯಾನ್ ಕಣಿವೆಯಲ್ಲಿ. ಅಪ್ಪನ ಲ್ಯಾಬು ಪೊವೇಯ ಬಿಸಿನೆಸ್ ಪಾರ್ಕಿನಲ್ಲಿತ್ತು. ಅವನ ಜೊತೆಯವರೆಲ್ಲ ಫೋರ್ ಎಸ್ ರ್ಯಾಂಚ್‌ನ ಒಂದೇ ಅಚ್ಚಿನ ಹೊಸ ಮನೆಗಳಲ್ಲಿದ್ದರು. ಅಪ್ಪನಿಗೆ ಮಾತ್ರ ಅಂಗಳ ಬೇಕಿತ್ತು, ನಿಂಬೆ ಗಿಡ ಬೇಕಿತ್ತು, ಸಂಜೆ ಕುರ್ಚಿ ಹಾಕಿಕೊಂಡು ಕೂರಲು ಒಂದು ಕಟ್ಟೆ ಬೇಕಿತ್ತು. ಸಿಕ್ಕದ್ದು ಹಳೆಯ ಮರದ ಮನೆ. ನಡೆದರೆ ನೆಲ ಕಿರುಗುಟ್ಟುತ್ತಿತ್ತು, ಸ್ನಾನದ ನೀರು ಬಿಸಿಯಾಗಲು ಒಂದು ಸ್ತೋತ್ರ ಮುಗಿಯಬೇಕಿತ್ತು. ಬಟ್ಟೆ ಒಗೆಯುವ ಮಷಿನ್ನಿನ ಮೇಲಿನ ಶೆಲ್ಫೇ ನಮ್ಮ ದೇವರ ಮನೆ. ಮಷಿನ್ ತಿರುಗುವಾಗ ಬನಶಂಕರಿಯ ಫೋಟೋ ಗಡಗಡ ನಡುಗುತ್ತಿತ್ತು. ಅಜ್ಜಿ ಬಂದ ಮೇಲೆ ಪೂಜೆ ಮುಗಿಯುವ ತನಕ ಯಾರೂ ಬಟ್ಟೆ ಒಗೆಯುವಂತಿಲ್ಲ ಎಂದಾಯಿತು. ತಿಂಗಳಿಗೊಮ್ಮೆ ಎರಡು ಗಂಟೆ ಪ್ರಯಾಣ ಮಾಡಿ ಇಂಡಿಯನ್ ಅಂಗಡಿಗಳಿರುವ ಆರ್ಟೀಸಿಯಾದಿಂದ ಜೋಳದ ಹಿಟ್ಟು, ಶೇಂಗಾ, ಗುರೆಳ್ಳು ತರುತ್ತಿದ್ದೆವು. ಬೆಳಿಗ್ಗೆ ನನಗೆ ಎಚ್ಚರವಾಗುತ್ತಿದ್ದದ್ದು ಅವ್ವ ರೊಟ್ಟಿ ಬಡಿಯುವ ಸಪ್ಪಳಕ್ಕೆ.

ಕಣಿವೆಯಲ್ಲಿ ಐವತ್ತು ಅರವತ್ತು ಮನೆಗಳು. ಸಂಬಳದ ಫೈರ್ ಸ್ಟೇಷನ್ ಇದ್ದದ್ದು ಗುಡ್ಡದ ಕೆಳಗೆ. ಅಲ್ಲಿಂದ ಗಾಡಿ ಹತ್ತಿ ಬರುವಷ್ಟರಲ್ಲಿ ಒಂದು ಮನೆ ಸುಟ್ಟು ಮುಗಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿದ್ದ ಲೆಕ್ಕ. ಹಾಗಾಗಿ ಕಣಿವೆಯವರು ತಾವೇ ಒಂದು ಬೆಂಕಿ ದಳ ಕಟ್ಟಿಕೊಂಡಿದ್ದರು. ತಗಡಿನ ಶೆಡ್ಡು, ಒಂದು ಹಳೆಯ ಇಂಜಿನ್ ಗಾಡಿ, ನೀರಿನ ಟ್ಯಾಂಕ್ ಹೊತ್ತ ಒಂದು ಪಿಕಪ್. ತೊಂದರೆ ಇದ್ದದ್ದು ಹಗಲು. ಗಟ್ಟಿಯಾದವರೆಲ್ಲ ಬೆಳಿಗ್ಗೆ ಕೆಲಸಕ್ಕೆಂದು ಕೆಳಗೆ ಇಳಿದುಬಿಡುತ್ತಿದ್ದರು; ಉಳಿಯುತ್ತಿದ್ದವರು ಮುದುಕರು ಮತ್ತು ತಾಯಂದಿರು. ಅಜ್ಜಿ ಬರುವ ಹಿಂದಿನ ವರ್ಷ ದಳದ ಕ್ಯಾಪ್ಟನ್ ಡಾನಾ ಮನೆಮನೆಗೆ ಬಂದಳು. ಅವಳು ಕುದುರೆಗಳ ಡಾಕ್ಟರು, ಐವತ್ತರ ಹೆಂಗಸು. ಹಗಲು ಮನೆಯಲ್ಲಿರುವವರು ಯಾರು ಎಂದು ಕೇಳಿದಾಗ ಅವ್ವ ಶಾಲೆಯ ಹುಡುಗಿಯಂತೆ ಕೈ ಎತ್ತಿದಳು. ಅವಳ ವೀಸಾದಲ್ಲಿ ಕೆಲಸಕ್ಕೆ ಸೇರುವಂತಿರಲಿಲ್ಲ. ಸಂಬಳವಿಲ್ಲದೆ ಬೆಂಕಿ ಆರಿಸಲು ಅಡ್ಡಿಯಿರಲಿಲ್ಲ.

ಇಂಜಿನ್ ಗಾಡಿಯ ಗೇರು ಹಳೆಯ ಕಾಲದ್ದು. ಪ್ರತಿ ಗೇರಿಗೂ ಎರಡೆರಡು ಸಲ ಕ್ಲಚ್ ಒತ್ತಬೇಕು, ಇಲ್ಲದಿದ್ದರೆ ಹಲ್ಲು ಕಡಿದಂತೆ ಕಿರುಚುತ್ತಿತ್ತು. ಅದನ್ನು ಓಡಿಸಲು ಬರುತ್ತಿದ್ದದ್ದು ಹ್ಯಾಂಕ್ ಒಬ್ಬನಿಗೆ. ದಳ ಕಟ್ಟಿದವರಲ್ಲಿ ಉಳಿದಿದ್ದ ಕೊನೆಯವನು. ಎಂಬತ್ತು ದಾಟಿತ್ತು, ಉಸಿರು ಕೆಟ್ಟಿತ್ತು. ಹೊಸಬಳಿಗೆ ಸುಮ್ಮನೆ ತೋರಿಸೋಣ ಎಂದು ಡಾನಾ ಕೀಲಿ ಕೊಟ್ಟಳಂತೆ. ಅವ್ವ ಸೀಟಿನಲ್ಲಿ ಕುಳಿತು, ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಕ್ಲಚ್ ಮುಟ್ಟಿ ನೋಡಿ, ಗಾಡಿಯನ್ನು ಶೆಡ್ಡಿನಿಂದ ಹೊರತೆಗೆದು, ಅಂಗಳ ಸುತ್ತಿಸಿ, ಹಿಮ್ಮುಖವಾಗಿ ಮತ್ತೆ ಅಲ್ಲೇ ನಿಲ್ಲಿಸಿದಳು. ಹ್ಯಾಂಕ್ ಮೂಗಿನ ಆಮ್ಲಜನಕದ ನಳಿಗೆ ತೆಗೆದು ಶಿಳ್ಳೆ ಹಾಕಿದನಂತೆ. ಮನೆಗೆ ಬಂದ ಅವ್ವನ ಮುಖವನ್ನು ನಾನು ಅದಕ್ಕೂ ಮೊದಲು ಹಾಗೆ ನೋಡಿರಲಿಲ್ಲ.

"ಇಳಕಲ್ಲಿನ್ಯಾಗ ನಮ್ಮಪ್ಪನ ಗ್ಯಾರೇಜಿತ್ತಲ್ಲ, ಅಲ್ಲಿ ಇಂಥಾ ಲಾರಿ ದಿನಾ ಹಿಂದ ಮುಂದ ಮಾಡ್ತಿದ್ದೆ ನಾ. ಮದ್ವಿ ಆದಮ್ಯಾಲ ಅದು ಯಾರಿಗೆ ಬೇಕಿತ್ತು? ಹ್ಯಾಂಕ್ ಕಾಕಾ ಏನಂದ್ರು ಗೊತ್ತೇನು? ಇನ್ನ ನಾ ನಿಶ್ಚಿಂತಿಯಿಂದ ಮುದುಕ ಆಗ್ತೀನಿ ಅಂದ್ರು."

ಜಗಳಗಳು ಊಟದ ಹೊತ್ತಿಗೆ ಆಗುತ್ತಿದ್ದವು. ಪೇಜರ್ ಚಟ್ನಿಪುಡಿಯ ಡಬ್ಬಿಯ ಪಕ್ಕದಲ್ಲೇ ಇರುತ್ತಿತ್ತು. ಅದು ಕೂಗಿದರೆ ಅವ್ವ ಬಾಯಿಗಿಟ್ಟ ತುತ್ತನ್ನು ನುಂಗುತ್ತಲೇ ಏಳುತ್ತಿದ್ದಳು. ಹೆಚ್ಚಿನ ಸಲ ಬೆಂಕಿಯೇ ಅಲ್ಲ: ಯಾರೋ ಬಿದ್ದು ಸೊಂಟ ಮುರಿದುಕೊಂಡದ್ದು, ತಿರುವಿನಲ್ಲಿ ಬೈಕು ಜಾರಿದ್ದು, ಎದೆನೋವು. ಒಮ್ಮೆ ಒಂದು ಮಗು ಈಜುಕೊಳದಲ್ಲಿ ಸಿಕ್ಕಿತ್ತು. ಆ ದಿನ ಅವ್ವ ಬಂದವಳೇ ಬಚ್ಚಲಿಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದಳು. ಅಂದು ಅಪ್ಪ ತಡೆಯಲಾರದೆ ಅಂದ:

"ಯಾರಿಗೋ ಏನೋ ಆದ್ರ ನೀ ಯಾಕ ಓಡಬೇಕು ಶಾಂತಾ? ನಾಳೆ ನಿನಗ ಏನರ ಆದ್ರ ನೀಲಾನ್ನ ಯಾರ್ ನೋಡವ್ರು?"

"ಈ ದೇಶಕ್ಕ ಬಂದು ಹನ್ನೊಂದು ವರ್ಷ ಆತು. ಇಷ್ಟು ದಿನದಾಗ ನನ್ನ ಬೇಕಂತ ಕೂಗಿದ್ದು ಇದೊಂದ," ಎಂದು ಅವ್ವ ಪೇಜರ್ ತೋರಿಸಿದಳು.

ನೀಲಾ ಎಂದರೆ ನಾನು. ನಾನು ಅವಳನ್ನು ದಿನಕ್ಕೆ ನೂರು ಸಲ ಕೂಗುತ್ತಿದ್ದೆ. ನನ್ನ ಹುಟ್ಟುಹಬ್ಬದ ಕೇಕು ಕತ್ತರಿಸುವಾಗ ಎದ್ದು ಹೋಗಿದ್ದಳು. ನನಗೆ ಜ್ವರ ಬಂದಾಗ ಹಣೆಯ ಮೇಲಿಟ್ಟ ಒದ್ದೆ ಬಟ್ಟೆಯನ್ನು ಅಜ್ಜಿಯ ಕೈಗೆ ಕೊಟ್ಟು ಹೋಗಿದ್ದಳು. ಮರಳಿ ಬಂದಾಗ ತಬ್ಬಿಕೊಳ್ಳಲು ಬಂದರೆ ನಾನು "ಯೂ ಸ್ಮೆಲ್" ಎಂದು ಇಂಗ್ಲಿಷಿನಲ್ಲಿ ಹೇಳಿ ತಿರುಗಿಕೊಳ್ಳುತ್ತಿದ್ದೆ. ಅವ್ವ ನಗುತ್ತಿದ್ದಳು. ಅದು ಬೇಕೆಂದೇ ಆಡಿದ ಮಾತು ಎಂದು ಅವಳಿಗೆ ಕೊನೆಗೂ ತಿಳಿಯಲಿಲ್ಲ.

ಶಾಲೆ ಮುಚ್ಚಿ ಎಲ್ಲ ಲ್ಯಾಪ್‌ಟಾಪಿಗೆ ಬಂದ ಆ ವಸಂತದಲ್ಲಿ, ಊರಿನ ಹಿರಿಯರೊಬ್ಬರನ್ನು ಮಾತಾಡಿಸಿ ಬರೆಯಿರಿ ಎಂದು ಟೀಚರ್ ಹೇಳಿದರು. ಅವ್ವ ನನ್ನನ್ನು ಹ್ಯಾಂಕ್ ಮನೆಗೆ ಕರೆದುಕೊಂಡು ಹೋದಳು. ಕಣಿವೆಯ ರಸ್ತೆ ಒಂದು ಕಡೆ ಕವಲೊಡೆಯುತ್ತಿತ್ತು. ಎಡಕ್ಕೆ ನಮ್ಮ ಮನೆ, ಬಲಕ್ಕೆ ಏರುತ್ತಾ ಹೋದರೆ ರಸ್ತೆ ಮುಗಿಯುವಲ್ಲಿ ಅವನ ಮನೆ. ಅವನು ಜಗಲಿಯಲ್ಲಿ ಕುಳಿತ, ನಾನು ಮಾಸ್ಕ್ ಹಾಕಿಕೊಂಡು ಆರಡಿ ದೂರದ ಮೆಟ್ಟಿಲ ಮೇಲೆ ಕುಳಿತೆ. ನಾಲ್ಕು ಮಧ್ಯಾಹ್ನ ಅವನು ಹೇಳಿದ, ನಾನು ಬರೆದುಕೊಂಡೆ. ಅವನ ಹರೆಯದಲ್ಲಿ ಒಂದು ಬೆಂಕಿ ಕಣಿವೆಯ ಒಂಬತ್ತು ಮನೆಗಳನ್ನು ತಿಂದುಹಾಕಿತ್ತು. ಆ ಒಂಬತ್ತು ಮನೆಯವರೇ ಸೇರಿ ಹಾಲಿನ ಹಳೆಯ ಟ್ಯಾಂಕರಿಗೆ ಪಂಪು ಬೆಸುಗೆ ಹಾಕಿಸಿ ದಳ ಶುರು ಮಾಡಿದ್ದರು. ಹೆಂಗಸರು ಗೋಣಿಚೀಲ ನೆನೆಸಿ ಹೆಗಲ ಮೇಲೆ ಹೊತ್ತು ಹುಲ್ಲುಗಾವಲಿಗೆ ಇಳಿಯುತ್ತಿದ್ದರು. ಸೈರನ್ ಇರಲಿಲ್ಲ, ಹ್ಯಾಂಕ್‌ನ ಹೆಂಡತಿ ಎಲೆನ್ ಫೋನಿನ ಮುಂದೆ ಕುಳಿತು ನಾಲ್ಕು ಮನೆಗೆ ಹೇಳಿದರೆ ಆ ನಾಲ್ವರು ಮತ್ತೆ ನಾಲ್ಕು ನಾಲ್ಕು ಮನೆಗೆ ಹೇಳುತ್ತಿದ್ದರು. ಆ ಟ್ಯಾಂಕರ್ ಒಮ್ಮೆ ತಿರುವಿನಲ್ಲಿ ಮಗುಚಿ ಅವನ ತಮ್ಮ ಅದರಡಿ ಸಿಕ್ಕು ಸತ್ತ. ಮರುದಿನವೇ ಇನ್ನೊಂದು ಬೆಂಕಿ, ಮತ್ತೆ ಹೋಗಬೇಕಾಯಿತು.

"ಹೋಗಲಿಲ್ಲ ಅಂದಿದ್ರೆ?" ಎಂದು ಕೇಳಿದೆ.

"ನಾನು ಹೋಗ್ತೀನೋ ಇಲ್ವೋ ಅಂತ ಎಲ್ಲರೂ ನೋಡ್ತಾ ಇದ್ರು ಮಗು. ನಾನು ಹೋಗದಿದ್ರೆ ಅವತ್ತಿಗೇ ದಳ ಮುಗೀತಿತ್ತು," ಎಂದ ಹ್ಯಾಂಕ್.

ಒಂದು ಕಾಲಕ್ಕೆ ಮೂವತ್ತು ಜನರಿದ್ದ ದಳ. ನಾನು ಬರೆಯುವ ಹೊತ್ತಿಗೆ ಏಳು ಜನ. ಅವರಲ್ಲಿ ಅವ್ವನೇ ಚಿಕ್ಕವಳು. ಟೀಚರಿಗೆ ನನ್ನ ಬರಹ ಬಹಳ ಹಿಡಿಸಿತು. ಹ್ಯಾಂಕ್ ಅದರ ಪ್ರಿಂಟು ತೆಗೆಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡ.

ಅದೇ ವರ್ಷ ಅಕ್ಟೋಬರಿನಲ್ಲಿ ಮರುಭೂಮಿಯ ಕಡೆಯಿಂದ ಬಿಸಿಗಾಳಿ ಏಳತೊಡಗಿತು. ತಂತಿ ಹರಿದು ಕಿಡಿ ಹಾರದಿರಲೆಂದು ಅಂಥ ದಿನಗಳಲ್ಲಿ ಕರೆಂಟು ತೆಗೆಯುತ್ತಿದ್ದರು. ಕರೆಂಟಿಲ್ಲದಿದ್ದರೆ ಹ್ಯಾಂಕ್‌ನ ಆಮ್ಲಜನಕದ ಮಷಿನ್ನೂ ನಿಲ್ಲುತ್ತಿತ್ತು. ಆದ್ದರಿಂದ ದಳದಲ್ಲಿ ಒಂದು ನಿಯಮವಿತ್ತು: ಗಾಳಿಯ ದಿನ ಹೊಗೆ ಕಂಡರೆ ಇಂಜಿನ್ ಮೊದಲು ಹೋಗಬೇಕಾದದ್ದು ಹ್ಯಾಂಕ್ ಮನೆಗೆ. ನಮ್ಮ ಮನೆಯಲ್ಲಿ ಅದು ನವರಾತ್ರಿಯ ವಾರ. ಅಜ್ಜಿ ಮಷಿನ್ನಿನ ಮೇಲಿನ ಶೆಲ್ಫಿನಲ್ಲಿ ಘಟ ಕೂಡಿಸಿ, ಒಂಬತ್ತು ದಿನ ಆರದಂತೆ ನಂದಾದೀಪ ಹಚ್ಚಿದ್ದಳು. ಬೆಳಿಗ್ಗೆ ಅದಕ್ಕೇ ಜಗಳವಾಯಿತು.

"ಅತ್ತಿ, ಇಂಥಾ ಗಾಳ್ಯಾಗ ದೀಪಾ ಬ್ಯಾಡ್ರಿ. ಕೈ ಮುಗೀತೀನಿ."

"ಅರವತ್ತು ವರ್ಷದಾಗ ನನ್ನ ಘಟದ ದೀಪಾ ಆರಿಲ್ಲ. ನೀ ಊರಾನ ಬೆಂಕಿ ಆರಿಸಾಕ ಹೋಗಾಕಿ, ನನ್ನ ದೀಪಕ್ಕ ಬರಬ್ಯಾಡ."

ಅಪ್ಪ ಅಂದು ಲ್ಯಾಬಿಗೆ ಹೋಗಿದ್ದ. ಊಟಕ್ಕೆ ಇನ್ನೂ ಒಂದು ಗಂಟೆ ಇರುವಾಗ ಪೇಜರ್ ಕೂಗಿತು. ಕರೆಂಟು ತೆಗೆದದ್ದರಿಂದ ಫೋನುಗಳು ಆಗಲೇ ಸತ್ತಿದ್ದವು. ಅವ್ವ ಬೂಟಿಗೆ ಕಾಲಿಡುತ್ತಾ ಒಂದು ಕೈರೇಡಿಯೋ ನನ್ನ ಕೈಗಿಟ್ಟಳು.

"ತೆರೇಸಾ ಆಂಟಿ ಕಾರ್ ತಗೊಂಡು ಬರ್ತಾರ. ಅಜ್ಜಿನ್ನ ಕರ್ಕೊಂಡು ಅವರ ಜೋಡಿ ಇಳೀರಿ. ಇದರಾಗ ಬರೇ ಕೇಳು. ಭಾಳ ತ್ರಾಸ ಆದ್ರ ಅಷ್ಟ ಮಾತಾಡು."

ತೆರೇಸಾ ಪಕ್ಕದ ಮನೆಯವಳು. ಹತ್ತು ನಿಮಿಷದಲ್ಲಿ ಬಂದಳು. ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳು ಅಳುತ್ತಿದ್ದರು. ಅಜ್ಜಿ ದೇವರ ಮುಂದೆ ಕುಳಿತವಳು ಏಳಲಿಲ್ಲ. ದೀಪ ಬಿಟ್ಟು ಬರುವುದಿಲ್ಲ, ಮಂದಿಯ ಕಾರಿನಲ್ಲಿ ಕೂತರೆ ಕೋವಿಡ್ ಬರುತ್ತದೆ, ಶಾಂತಾ ಬರಲಿ ಎಂದು ಹಟ ಹಿಡಿದಳು. ನಾನು ಅಳುತ್ತಾ ಕೈ ಹಿಡಿದು ಎಳೆದೆ. ತೆರೇಸಾ ಹಾರ್ನ್ ಒತ್ತುತ್ತಲೇ ಇದ್ದಳು. ನಾನು ಹೊರಗೆ ಹೋಗಿ, ನೀವು ಹೋಗಿ, ಅವ್ವ ಇಂಜಿನ್ ತಗೊಂಡು ಬರ್ತಿದ್ದಾಳೆ ಎಂದೆ. ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ರೇಡಿಯೋ ನನ್ನ ಕೈಯಲ್ಲಿತ್ತು, ನಂಬಿದಳು. ನಾನು ಯಾಕೆ ಹಾಗಂದೆ ಎಂದು ಬಹಳ ವರ್ಷ ನನ್ನನ್ನೇ ಕೇಳಿಕೊಂಡಿದ್ದೇನೆ. ಅಜ್ಜಿಯನ್ನು ಬಿಟ್ಟು ಹೋಗಲಾರದೆ ಉಳಿದೆ ಎಂದು ಎಲ್ಲರಿಗೂ ಹೇಳಿದ್ದೆ. ಅದು ಅರ್ಧ ಮಾತ್ರ ನಿಜ. ಕಾರು ಗೇಟು ದಾಟಿದಾಗ ನನ್ನೊಳಗೆ ಹೆದರಿಕೆಯ ಜೊತೆ ಒಂದು ಹಿಗ್ಗೂ ಇತ್ತು. ಈಗ ಅವ್ವ ನನಗಾಗಿ ಬರಲೇಬೇಕು.

ಹೊಗೆ ಗುಡ್ಡದ ಆಚೆ ಇತ್ತು. ಕಂದು ಬಣ್ಣದ ದೊಡ್ಡ ಗೋಡೆಯ ಹಾಗೆ ಎದ್ದಿತ್ತು, ಆದರೆ ಆಚೆ. ನಮ್ಮ ಇಳಿಜಾರಿನಲ್ಲಿ ಒಂದು ಕಿಡಿಯೂ ಇರಲಿಲ್ಲ. ನಿಂಬೆ ಗಿಡದ ಎಲೆಗಳ ಮೇಲೆ ಬೂದಿ ಬೀಳತೊಡಗಿತ್ತು, ಅಷ್ಟೇ. ನಾನು ಗುಂಡಿ ಒತ್ತಿ ಕನ್ನಡದಲ್ಲಿ ಹೇಳಿದೆ:

"ಅವ್ವಾ, ಅಜ್ಜಿ ಹೊಂಡವಲ್ಲಳು. ಬೆಂಕಿ ಗೇಟಿಗೆ ಬಂದದ. ಲಗೂ ಬಾ."

ಸ್ವಲ್ಪ ಹೊತ್ತು ಬರೀ ಗರಗರ ಸದ್ದು. ಆಮೇಲೆ ಅವ್ವನ ದನಿ, ಇಂಗ್ಲಿಷಿನಲ್ಲಿ. ಡಾನಾ ಕೆಳಗಿನ ಸೇತುವೆಯ ಹತ್ತಿರ ಕುದುರೆಗಳನ್ನು ಬಿಡಿಸುತ್ತಿದ್ದಳು. ಅವ್ವ ಮಾತಾಡುತ್ತಿದ್ದದ್ದು ಅವಳಿಗೆ.

"ನನ್ನ ಮಗಳು, ಅತ್ತೆ ಮನೆಯಲ್ಲೇ ಇದ್ದಾರೆ. ಬೆಂಕಿ ಗೇಟಿಗೆ ಬಂದಿದೆ. ನಾನು ಹ್ಯಾಂಕ್ ಮನೆಗೆ ಇನ್ನೆರಡು ತಿರುವು ದೂರ ಇದ್ದೀನಿ. ಏನ್ ಮಾಡ್ಲಿ?"

ಡಾನಾ ಉತ್ತರ ಕೊಡುವ ಮೊದಲೇ ಮೂರನೆಯ ದನಿ ಬಂತು. ಹ್ಯಾಂಕ್ ಮನೆಯಲ್ಲೂ ರೇಡಿಯೋ ಇತ್ತು. ಮಾತಿನ ನಡುವೆ ಅವನ ಉಸಿರು ಕೇಳುತ್ತಿತ್ತು.

"ಶಾಂತಾ, ಗಾಡಿ ತಿರುಗಿಸು. ಮೊದಲು ಹುಡುಗಿ. ನಾನು ನಿಧಾನಕ್ಕೆ ನಡೆದು ರಸ್ತೆಗೆ ಬಂದಿರ್ತೀನಿ."

ಅದನ್ನು ನಾನು ಕೇಳಿದೆ. ರೇಡಿಯೋ ಕೈಯಲ್ಲೇ ಇತ್ತು, ಬೆರಳು ಗುಂಡಿಯ ಮೇಲೇ ಇತ್ತು. ಇಲ್ಲ, ಇನ್ನೂ ಬಂದಿಲ್ಲ, ಮೊದಲು ಅವನನ್ನು ಕರೆದುಕೊಂಡು ಬಾ ಎನ್ನಲು ಎರಡು ಉಸಿರು ಸಾಕಿತ್ತು. ಸುಳ್ಳು ಹೇಳಿದ್ದೇನೆಂದು ಎಲ್ಲರಿಗೂ ಗೊತ್ತಾಗುತ್ತದೆ ಎಂಬ ನಾಚಿಕೆ ನನ್ನ ಬೆರಳನ್ನು ಹಿಡಿದುಬಿಟ್ಟಿತು. ನನಗಾಗ ಹದಿನಾಲ್ಕು.

ಆ ಹಳೆಯ ಗಾಡಿ ಕಿರಿದಾದ ರಸ್ತೆಯಲ್ಲಿ ತಿರುಗಿ, ಕವಲಿಗೆ ಇಳಿದು, ನಮ್ಮ ಕಡೆ ಹತ್ತಿ ಬರುವಷ್ಟರಲ್ಲಿ ಗಾಳಿ ನನ್ನ ಸುಳ್ಳನ್ನು ನಿಜ ಮಾಡಿತ್ತು. ಬೆಂಕಿ ಗುಡ್ಡದ ನೆತ್ತಿ ದಾಟಿ ಒಣ ಪೊದೆಗಳ ಮೇಲೆ ಇಳಿದ ವೇಗ ನಾನು ಹಿಂದೆಂದೂ ಕಂಡದ್ದಲ್ಲ. ಅವ್ವ ಒಳಗೆ ಬಂದಾಗ ಗೇಟಿನ ಪಕ್ಕದ ಬೇಲಿ ಹತ್ತಿಕೊಂಡಿತ್ತು. ಗ್ಲೌಸು ಹಾಕಿದ ಕೈಯಿಂದ ನಂದಾದೀಪವನ್ನು ಅಮುಕಿ ಆರಿಸಿದಳು, ಅಜ್ಜಿಯನ್ನು ಹೆಗಲ ಮೇಲೆ ಹಾಕಿಕೊಂಡಳು. ಅಜ್ಜಿ ಅವಳ ಬೆನ್ನಿಗೆ ಗುದ್ದುತ್ತಾ ಶಾಪ ಹಾಕುತ್ತಿದ್ದಳು. ಗಾಡಿಯಲ್ಲಿ ನಾನು ಇಬ್ಬರ ನಡುವೆ ಕುಳಿತೆ. ಕವಲಿನ ಹತ್ತಿರ ಬಂದಾಗ ಬಲಗಡೆಯ ರಸ್ತೆ ಕಾಣಲಿಲ್ಲ. ಇದ್ದದ್ದು ಬರೀ ಕೆಂಪು. ಅವ್ವ ಆದರೂ ಆ ಕಡೆ ಗಾಡಿ ತಿರುಗಿಸಿದಳು. ಮುಂದಿನ ಗಾಜು ಚಿಟಿಚಿಟಿ ಎಂದಿತು. ಮತ್ತೆ ಹಿಂದಕ್ಕೆ ತಂದಳು. ಹ್ಯಾಂಕ್ ಹೆಸರನ್ನು ರೇಡಿಯೋದಲ್ಲಿ ಕೂಗುತ್ತಲೇ ಗುಡ್ಡ ಇಳಿದಳು. ಯಾರೂ ಓಗೊಡಲಿಲ್ಲ.

ಅವನ ದೇಹ ಮರುದಿನ ಸಿಕ್ಕಿತು. ಹೇಳಿದಂತೆಯೇ ನಡೆದು ರಸ್ತೆಗೆ ಬಂದಿದ್ದನಂತೆ, ಕೈಚೀಲ ಸಹಿತ. ನಮ್ಮ ಮನೆ ಪೂರ್ತಿ ಸುಟ್ಟುಹೋಗಿತ್ತು. ಬೂದಿಯಲ್ಲಿ ಒಗೆಯುವ ಮಷಿನ್ನು ಒಂದೇ ನಿಂತಿತ್ತು. ಅಪ್ಪ ಫೋರ್ ಎಸ್ ರ್ಯಾಂಚ್‌ನಲ್ಲಿ ಬಾಡಿಗೆ ಮನೆ ಹಿಡಿದ. ಎಲ್ಲರೂ ಅವ್ವನಿಗೆ ಅದೇ ಸಮಾಧಾನ ಹೇಳಿದರು: ಮಗು ಕರೆದರೆ ಯಾವ ತಾಯಿ ಹೋಗದಿರುತ್ತಾಳೆ, ಹ್ಯಾಂಕ್ ತಾನೇ ಹೇಳಿದ್ದನಲ್ಲ. ಅವ್ವ ತಲೆಯಾಡಿಸುತ್ತಿದ್ದಳು. ಇಂಜಿನ್ನಿನ ಕೀಲಿಯನ್ನು ಡಾನಾಗೆ ಕೊಟ್ಟು ಬಂದಳು, ಮತ್ತೆ ಮುಟ್ಟಲಿಲ್ಲ. ಅವಳಿಲ್ಲದೆ ಹಗಲಿನಲ್ಲಿ ಗಾಡಿ ಓಡಿಸುವವರಿರಲಿಲ್ಲ. ವಸಂತದ ಹೊತ್ತಿಗೆ ದಳದಲ್ಲಿ ನಾಲ್ವರು ಉಳಿದರು. ಅವರು ಕಡೆಯ ಸಭೆ ಸೇರಿ, ಶೆಡ್ಡಿಗೆ ಬೀಗ ಹಾಕಿದರು. ಒಂಬತ್ತು ಮನೆಯವರು ಕಟ್ಟಿದ್ದು ಹಾಗೆ ಮುಗಿಯಿತು. ವಿಮಾನ ಶುರುವಾದಾಗ ಅಜ್ಜಿ ಊರಿಗೆ ಹೋದಳು. ದೀಪ ಆರಿಸಿದವಳ ಕೈಯ ಊಟ ಬೇಡವೆಂದು ಅಲ್ಲಿಯ ತನಕ ತಾನೇ ಬೇಯಿಸಿಕೊಂಡಳು. ಅವ್ವ ರೊಟ್ಟಿ ಬಡಿಯುವಾಗ ಒಮ್ಮೊಮ್ಮೆ ನಡುವೆ ಕೈ ನಿಲ್ಲಿಸಿ ಕಿಟಕಿಯಾಚೆ ನೋಡುತ್ತಿದ್ದಳು. ರೊಟ್ಟಿ ಕರಕಾಗುತ್ತಿತ್ತು. ನಾನು ಎದುರಿಗೇ ಕುಳಿತು ತಿನ್ನುತ್ತಿದ್ದೆ. ನಾಲ್ಕು ವರ್ಷ ಹಾಗೆ ತಿಂದೆ.

ಲಾಸ್ ಏಂಜಲೀಸ್‌ನಲ್ಲಿ ನಾನು ಕಾಲೇಜು ಸೇರಿದ ಮೊದಲ ಚಳಿಗಾಲದಲ್ಲಿ ಆ ಊರಿನ ಅಂಚಿನ ಗುಡ್ಡಗಳು ಹತ್ತಿಕೊಂಡವು. ಹಾಸ್ಟೆಲಿನ ಕಿಟಕಿಯ ಮೇಲೆ ಬೂದಿ ಬಿದ್ದಾಗ ನಾನು ಅವ್ವನಿಗೆ ಫೋನ್ ಮಾಡಿದೆ. ಅವ್ವ ಬೆಳಿಗ್ಗೆಯೇ ಹೊರಟು ಕರೆದೊಯ್ಯಲು ಬಂದಳು. ದಾರಿಯಲ್ಲಿ ಆರ್ಟೀಸಿಯಾದಲ್ಲಿ ಊಟಕ್ಕೆ ನಿಂತೆವು. ತಟ್ಟೆ ಬಂತು. ನನಗೆ ಮುಟ್ಟಲಾಗಲಿಲ್ಲ. ಆ ದಿನ ನಾನು ಕರೆದಾಗ ಬೆಂಕಿ ಗೇಟಿಗೆ ಬಂದಿರಲಿಲ್ಲ ಎಂದು ಹೇಳಿಬಿಟ್ಟೆ.

ಅವ್ವ ನೀರಿನ ಲೋಟ ಕೆಳಗಿಟ್ಟಳು.

"ಮತ್ತ ಎಲ್ಲಿತ್ತು?"

"ಗುಡ್ಡದ ಆಚಿಕ."

"ಹೊಗಿನೋ, ಬೆಂಕಿನೋ? ಸರಿಯಾಗಿ ಹೇಳು."

"ಹೊಗಿ ಅಷ್ಟ."

ಅವಳು ಮೇಜಿನ ಮೇಲೆ ಬೆರಳಿನಿಂದ ಗೆರೆ ಎಳೆಯತೊಡಗಿದಳು. ಕವಲು, ಎಡಗಡೆ, ಬಲಗಡೆ. ತುಟಿ ಅಲುಗುತ್ತಿತ್ತು. ಎರಡು ತಿರುವು, ಎರಡು ನಿಮಿಷ. ಅವನನ್ನು ಹತ್ತಿಸಲು ಇನ್ನೆರಡು. ಹೇಗೂ ಗಾಡಿ ತಿರುಗಿಸಬೇಕಿತ್ತು, ಅವನ ಅಂಗಳ ಅಗಲ. ಮತ್ತೆ ಮೊದಲಿನಿಂದ ಎಣಿಸಿದಳು. ಪಕ್ಕದ ಮೇಜಿನವರು ತಿರುಗಿ ನೋಡಿದರು.

"ಆಗ್ತಿತ್ತು," ಎಂದಳು ಅವ್ವ. "ಬೇಲಿ ಅಷ್ಟ ಹತ್ತಿತ್ತು, ಮನಿ ಹತ್ತಿರಲಿಲ್ಲ. ಗಾಡ್ಯಾಗ ನೀರಿತ್ತು. ಎಲ್ಲಾರನೂ ತರ್ತಿದ್ದೆ ನಾ. ನಾಲ್ಕು ವರ್ಷ, ಇವಳನ್ನ ಉಳಿಸಿ ಅವರನ್ನ ಕೊಂದೆ ಅಂತ ತಿಳ್ಕೊಂಡೀನಿ. ಯಾರನೂ ಬಿಡೂದ ಬೇಕಾಗಿರಲಿಲ್ಲ."

ನಾನು ಸಾರಿ ಎಂದೆ. ಅವಳಿಗೆ ಕೇಳಿಸಿತೋ ಇಲ್ಲವೋ. ಊಟ ಮುಟ್ಟದೆ ಎದ್ದೆವು. ಎರಡು ಗಂಟೆ ಅವ್ವ ಕಾರು ಓಡಿಸಿದಳು. ಫೋರ್ ಎಸ್ ರ್ಯಾಂಚ್‌ನ ತಿರುವು ಬಂದಾಗ ಅವಳು ತಿರುಗಲಿಲ್ಲ. ಪೊವೇ ದಾಟಿ, ಗುಡ್ಡ ಹತ್ತಿ, ಕವಲಿನಲ್ಲಿ ಬಲಕ್ಕೆ ಹೊರಳಿ, ರಸ್ತೆ ಮುಗಿಯುವಲ್ಲಿ ಕಾರು ನಿಲ್ಲಿಸಿದಳು. ಮಧ್ಯಾಹ್ನದ ಬಿಸಿಲು ಇನ್ನೂ ಇತ್ತು. ಹ್ಯಾಂಕ್ ಮನೆಯ ಜಾಗದಲ್ಲಿ ಇಟ್ಟಿಗೆಯ ಹೊಗೆಗೂಡು ಮಾತ್ರ ನಿಂತಿತ್ತು, ಸುತ್ತ ಸಾಸಿವೆ ಗಿಡ ಎದೆಯೆತ್ತರ ಬೆಳೆದು ಒಣಗಿತ್ತು. ಅವ್ವ ನನ್ನ ಮೊಣಕೈ ಹಿಡಿದು ರಸ್ತೆಯ ಅಂಚಿಗೆ ಕರೆದೊಯ್ದಳು. ಅವನು ಸಿಕ್ಕ ಜಾಗ ಅವಳಿಗೆ ಗೊತ್ತಿತ್ತು. ನಾನು ಮೊದಲ ಸಲ ನೋಡಿದ್ದು.

"ನನಗ ಹೇಳಿದಿ. ಈಗ ಅವರಿಗೆ ಹೇಳು," ಎಂದಳು.

ನಾನು ಬಾಯಿ ತೆರೆದೆ. "ಹ್ಯಾಂಕ್ ಅಜ್ಜ, ಅವತ್ತ ನಾ..." ಎಂದು ಶುರು ಮಾಡಿದೆ.

"ಕನ್ನಡದಾಗ ಬ್ಯಾಡ," ಎಂದಳು ಅವ್ವ. ಅವಳ ಕಣ್ಣು ರಸ್ತೆಯ ಮೇಲೇ ಇತ್ತು. "ಅವರಿಗೆ ತಿಳಿಯೂವಂಗ ಹೇಳು."

ಇಂಗ್ಲಿಷಿನಲ್ಲಿ, ಗಟ್ಟಿಯಾಗಿ, ಮೊದಲಿನಿಂದ ಕೊನೆಯ ತನಕ ಹೇಳಿದೆ. ಅವ್ವ ಪಕ್ಕದಲ್ಲೇ ನಿಂತಿದ್ದಳು. ನನ್ನ ಮೊಣಕೈ ಬಿಡಲಿಲ್ಲ.